ಬಟನ್ ಒತ್ತಿದರೆ ಬೀಳುತ್ತದೆ, ಟೆಸ್ಟರ್ ಹಾಕಿದರೆ ಬೀಳುವುದಿಲ್ಲ: ಆರ್‌ಸಿಸಿಬಿ ಕೆಟ್ಟಿದೆಯೇ?

ಪ್ರಶ್ನೆ: ನಮ್ಮ ಮನೆಯ ಡಿಬಿಯಲ್ಲಿ (ಲೈನ್‌ಗಳಿಗೆ ಕರೆಂಟ್ ಹಂಚುವ ಪೆಟ್ಟಿಗೆ) 40 ಆಂಪಿಯರ್, 30 ಮಿಲಿಆಂಪಿಯರ್‌ನ ಡಬಲ್ ಪೋಲ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಬಿದ್ದು ಸಪ್ಲೈ ಕಡಿಯುವ ಸಾಧನ) ಇದೆ. ಟೆಸ್ಟ್ ಬಟನ್ ಒತ್ತಿದಾಗಲೆಲ್ಲ ಟ್ರಿಪ್ ಆಗುತ್ತದೆ. ಮೊನ್ನೆ ಎಲೆಕ್ಟ್ರಿಷಿಯನ್ ಆರ್‌ಸಿಡಿ ಟೆಸ್ಟರ್ (ಇಂಥ ಸಾಧನಗಳನ್ನು ಪರೀಕ್ಷಿಸುವ ಉಪಕರಣ) ತಂದು ನೋಡಿದರು. ಹಾಲ್‌ನ ಸಾಕೆಟ್‌ನಲ್ಲಿ 30 ಮಿಲಿಆಂಪಿಯರ್‌ಗೆ 28 ಮಿಲಿಸೆಕೆಂಡ್, ಐದು ಪಟ್ಟಿಗೆ 19 ಮಿಲಿಸೆಕೆಂಡ್ ಬಂತು. ಅಡುಗೆಮನೆಯ ಒಂದು ಸಾಕೆಟ್‌ನಲ್ಲಿ ಮಾತ್ರ ಏನು ಮಾಡಿದರೂ ಬೀಳಲಿಲ್ಲ. ಆದರೆ ಮೂರು ದೀಪದ ಪ್ಲಗ್ ಟೆಸ್ಟರ್ ಅಲ್ಲಿಯೂ ವೈರಿಂಗ್ ಸರಿ ಎಂದೇ ತೋರಿಸಿತು. ಇದರ ಜೊತೆಗೆ ಜೋರು ಮಳೆಯಲ್ಲಿ ಕೆಲವೊಮ್ಮೆ ಆರ್‌ಸಿಸಿಬಿ ತಾನಾಗಿಯೇ ಬೀಳುತ್ತದೆ. ಹಳೆಯದಾಗಿದೆ, ಬದಲಿಸಿಬಿಡಿ ಎನ್ನುತ್ತಿದ್ದಾರೆ. ಬದಲಿಸಬೇಕೇ?

ಉತ್ತರ: ಸದ್ಯಕ್ಕೆ ಬೇಡ. ನೀವು ಕೊಟ್ಟ ಅಂಕಿಗಳನ್ನು ನೋಡಿದರೆ ಆರ್‌ಸಿಸಿಬಿ ಚೆನ್ನಾಗಿಯೇ ಕೆಲಸ ಮಾಡುತ್ತಿದೆ. ದೋಷ ಇರುವುದು ಅಡುಗೆಮನೆಯ ಆ ಸಾಕೆಟ್‌ನ ವೈರಿಂಗ್‌ನಲ್ಲಿ. ಡಿಬಿಯಲ್ಲಿ ಹೊಸದನ್ನು ಹಾಕಿದರೂ ಆ ಸಾಕೆಟ್‌ನಲ್ಲಿ ಅದೂ ಬೀಳುವುದಿಲ್ಲ. ಹಾಗಾದಾಗ ಹೊಸ ಸಾಧನವೇ ಡಿಫೆಕ್ಟ್ ಎಂದು ಇನ್ನೊಂದು ಸುತ್ತು ಶುರುವಾಗುತ್ತದೆ.

ಆರ್‌ಸಿಸಿಬಿಯೊಳಗೆ ಉಂಗುರದಂಥ ಒಂದು ಕೋರ್ ಇರುತ್ತದೆ. ಫೇಸ್ ಮತ್ತು ನ್ಯೂಟ್ರಲ್ ಎರಡೂ ಅದರ ಮೂಲಕವೇ ಹಾದುಹೋಗುತ್ತವೆ. ಫೇಸ್‌ನಲ್ಲಿ ಹೋದ ಕರೆಂಟ್ ಅಷ್ಟೂ ನ್ಯೂಟ್ರಲ್‌ನಲ್ಲಿ ವಾಪಸ್ ಬಂದರೆ ಎರಡರ ಕಾಂತಪ್ರಭಾವ ಒಂದನ್ನೊಂದು ಅಳಿಸಿಹಾಕುತ್ತದೆ. ಒಂದಿಷ್ಟು ಕರೆಂಟ್ ಮೈಮೂಲಕವೋ ಒದ್ದೆ ಗೋಡೆಯ ಮೂಲಕವೋ ಅರ್ಥ್ ತಂತಿಯ ಮೂಲಕವೋ ಬೇರೆ ದಾರಿ ಹಿಡಿದರೆ ಆ ವ್ಯತ್ಯಾಸದಿಂದ ಕೋರ್ ಮೇಲಿನ ಸಣ್ಣ ಸುರುಳಿಯಲ್ಲಿ ವೋಲ್ಟೇಜ್ ಹುಟ್ಟಿ, ರಿಲೇ ಬಿಡುಗಡೆಯಾಗಿ, ಕಾಂಟ್ಯಾಕ್ಟ್ ತೆರೆದುಕೊಳ್ಳುತ್ತದೆ. ಆರ್‌ಸಿಸಿಬಿಗೆ ಗೊತ್ತಿರುವುದು ಇದೊಂದೇ ಲೆಕ್ಕ. ಓವರ್‌ಲೋಡ್, ಶಾರ್ಟ್ ಸರ್ಕ್ಯೂಟ್ ಅದಕ್ಕೆ ಕಾಣುವುದಿಲ್ಲ. ಅದು ಪ್ರತಿ ಲೈನಿಗೆ ಹಾಕಿರುವ ಸಣ್ಣ ಬ್ರೇಕರ್, ಅಂದರೆ ಎಂಸಿಬಿಯ ಕೆಲಸ. ಅರ್ಥ್ ತಂತಿ ಸರಿ ಇದೆಯೋ ಇಲ್ಲವೋ ಎಂಬುದೂ ಅದಕ್ಕೆ ತಿಳಿಯದು. ಒಣ ಮರದ ಸ್ಟೂಲಿನ ಮೇಲೆ ನಿಂತು ಒಂದು ಕೈಯಲ್ಲಿ ಫೇಸ್, ಇನ್ನೊಂದರಲ್ಲಿ ನ್ಯೂಟ್ರಲ್ ಹಿಡಿದವರನ್ನೂ ಅದು ಕಾಪಾಡುವುದಿಲ್ಲ. ಅಂಥವರ ಮೈ ಅದರ ಲೆಕ್ಕದಲ್ಲಿ ಇನ್ನೊಂದು ಬಲ್ಬ್ ಅಷ್ಟೆ.

30 ಮಿಲಿಆಂಪಿಯರ್ ಎಂದರೆ ಮೈಯಲ್ಲಿ ಅಷ್ಟೇ ಕರೆಂಟ್ ಹರಿಯುವಂತೆ ತಡೆಯುತ್ತದೆ ಎಂದಲ್ಲ. 230 ವೋಲ್ಟ್, ಮೈಯ ರೆಸಿಸ್ಟೆನ್ಸ್ 1000 ಓಮ್ ಎಂದಿಟ್ಟುಕೊಂಡರೆ ಹರಿಯುವುದು 230 ಮಿಲಿಆಂಪಿಯರ್. ಆರ್‌ಸಿಸಿಬಿ ಮಿತಿ ಹಾಕುವುದು ಕರೆಂಟಿಗಲ್ಲ, ಅದು ಹರಿಯುವ ಹೊತ್ತಿಗೆ. ಶಾಕ್ ಹೊಡೆದೇ ಹೊಡೆಯುತ್ತದೆ, ಹೃದಯದ ಬಡಿತ ಕೆಡುವಷ್ಟು ಹೊತ್ತು ಹಿಡಿದಿಡುವುದಿಲ್ಲ. ಅದಕ್ಕೇ ಟೆಸ್ಟರ್‌ನಲ್ಲಿ ಮಿಲಿಸೆಕೆಂಡ್ ನೋಡುವುದು.

ಬಟನ್‌ ಹೇಳುವುದು ಬೇರೆ, ಟೆಸ್ಟರ್‌ ಹೇಳುವುದು ಬೇರೆ

ಟೆಸ್ಟ್ ಬಟನ್‌ನ ಹಿಂದೆ ಇರುವುದು ಒಂದು ರೆಸಿಸ್ಟರ್. ಒತ್ತಿದಾಗ ಅದು ಕೋರ್‌ನ ಒಂದು ಬದಿಯ ಫೇಸ್‌ನಿಂದ ಇನ್ನೊಂದು ಬದಿಯ ನ್ಯೂಟ್ರಲ್‌ಗೆ, ಕೋರ್‌ನ ಹೊರಗಿನಿಂದ, ಸಂಪರ್ಕ ಕೊಡುತ್ತದೆ. ಲೆಕ್ಕ ತಪ್ಪುತ್ತದೆ, ಸಾಧನ ಬೀಳುತ್ತದೆ. ಇದರಲ್ಲಿ ಅರ್ಥ್‌ಗೆ ಪಾತ್ರವೇ ಇಲ್ಲ. ಇಡೀ ಮನೆಯಲ್ಲಿ ಅರ್ಥಿಂಗ್ ಇಲ್ಲದಿದ್ದರೂ ಬಟನ್ ಕೆಲಸ ಮಾಡುತ್ತದೆ. ರೆಸಿಸ್ಟರ್ ಹರಿಸುವ ಕರೆಂಟ್ ರೇಟಿಂಗ್‌ಗಿಂತ ಹೆಚ್ಚೇ ಇರುತ್ತದೆ, ಎಷ್ಟು ಹೊತ್ತಿನಲ್ಲಿ ಬಿತ್ತು ಎಂಬುದೂ ಗೊತ್ತಾಗುವುದಿಲ್ಲ. ಅಂದರೆ ಬಟನ್ ಹೇಳುವುದು ಇಷ್ಟೇ: ಒಳಗಿನ ಸುರುಳಿ, ರಿಲೇ, ಸ್ಪ್ರಿಂಗ್ ಅಂಟಿಕೊಂಡಿಲ್ಲ.

ಹಾಗಂತ ಬಟನ್ ವ್ಯರ್ಥವಲ್ಲ. ವರ್ಷಗಟ್ಟಲೆ ಅಲುಗದೆ ಕೂತ ಆರ್‌ಸಿಸಿಬಿಯಲ್ಲಿ ಗ್ರೀಸ್ ಗಟ್ಟಿಯಾಗಿ ಮೊದಲ ಟ್ರಿಪ್ ನಿಧಾನವಾಗಬಹುದು, ಆಗದೆಯೂ ಹೋಗಬಹುದು. ಬಟನ್ ಒತ್ತುವುದೆಂದರೆ ಆ ಯಂತ್ರಭಾಗಕ್ಕೆ ವ್ಯಾಯಾಮ. ತಯಾರಕರು ತಿಂಗಳಿಗೊಮ್ಮೆಯೋ ಮೂರು ಅಥವಾ ಆರು ತಿಂಗಳಿಗೊಮ್ಮೆಯೋ ಎಂದು ಸಾಧನದ ಮೇಲೆ ಬರೆದಿರುತ್ತಾರೆ, ಅದನ್ನೇ ಪಾಲಿಸಿ. ಒತ್ತಿ ತಕ್ಷಣ ಬಿಡಿ. ಬೀಳದಿದ್ದರೆ ಹಿಡಿದುಕೊಂಡೇ ಇರಬೇಡಿ, ಆ ರೆಸಿಸ್ಟರ್ ಸತತ ಕರೆಂಟಿಗೆ ಮಾಡಿದ್ದಲ್ಲ, ಸುಟ್ಟುಹೋಗುತ್ತದೆ. ನಾಲ್ಕು ಪೋಲಿನ ಆರ್‌ಸಿಸಿಬಿಯನ್ನು ಸಿಂಗಲ್ ಫೇಸ್‌ಗೆ ಬಳಸಿದ್ದರೆ ಇನ್ನೊಂದು ತೊಡಕು: ಬಟನ್‌ನ ಸರ್ಕ್ಯೂಟ್ ಗೊತ್ತಾದ ಎರಡು ಟರ್ಮಿನಲ್‌ಗಳ ನಡುವೆ ಮಾತ್ರ ಇರುತ್ತದೆ. ಆ ಟರ್ಮಿನಲ್‌ಗಳು ಖಾಲಿ ಇದ್ದರೆ ಒಳ್ಳೆಯ ಸಾಧನವೂ ಬಟನ್‌ಗೆ ಬೀಳುವುದಿಲ್ಲ.

ಟೆಸ್ಟರ್ ಮಾಡುವುದು ಬೇರೆ. ಅದು ಸಾಕೆಟ್‌ನ ಫೇಸ್‌ನಿಂದ ಅರ್ಥ್ ಪಿನ್‌ಗೆ ಅಳತೆ ಮಾಡಿದ ಕರೆಂಟ್ ಹರಿಸಿ, ಸಪ್ಲೈ ಹೋಗುವವರೆಗಿನ ಸಮಯ ಎಣಿಸುತ್ತದೆ. ಸಾಧನದ ಜೊತೆ ಸಾಕೆಟ್, ಅರ್ಥ್ ತಂತಿ, ಅರ್ಥ್ ಬಾರ್ (ಡಿಬಿಯಲ್ಲಿ ಅರ್ಥ್ ತಂತಿಗಳೆಲ್ಲ ಸೇರುವ ಪಟ್ಟಿ), ಮಣ್ಣಿನವರೆಗಿನ ದಾರಿ ಎಲ್ಲವೂ ಪರೀಕ್ಷೆಗೆ ಒಳಪಡುತ್ತವೆ. ಹಾಗಾಗಿ ಟೆಸ್ಟರ್‌ನಲ್ಲಿ ಫೇಲ್ ಆದರೆ ತಪ್ಪು ಸಾಧನದ್ದೇ ಎಂದು ತೀರ್ಮಾನಿಸುವಂತಿಲ್ಲ.

ಅಡುಗೆಮನೆಯ ಸಾಕೆಟ್‌ನಲ್ಲಿ ಏನಾಗಿದೆ

ಅರ್ಥ್ ಪೂರ್ತಿ ಇಲ್ಲದಿದ್ದರೆ ಪ್ಲಗ್ ಟೆಸ್ಟರ್‌ನ ಅರ್ಥ್ ದೀಪ ಉರಿಯುತ್ತಿರಲಿಲ್ಲ. ಅದು ಸರಿ ಎಂದು ತೋರಿಸಿದೆ, ಆದರೂ ಆರ್‌ಸಿಸಿಬಿ ಬಿದ್ದಿಲ್ಲ. ಇವೆರಡೂ ಒಟ್ಟಿಗೆ ಆಗಲು ಮುಖ್ಯವಾಗಿ ಎರಡೇ ಕಾರಣ.

ಒಂದು, ಆ ಸಾಕೆಟ್‌ಗೆ ಸಪ್ಲೈ ಈ ಆರ್‌ಸಿಸಿಬಿಯ ಮೂಲಕ ಬರುತ್ತಲೇ ಇಲ್ಲ. ಯಾರೋ ಮೇನ್ ಸ್ವಿಚ್‌ನಿಂದ ನೇರವಾಗಿ ಅಥವಾ ಇನ್ವರ್ಟರ್ ಲೈನಿನಿಂದ ಎಳೆದಿದ್ದಾರೆ. ಪತ್ತೆ ಸುಲಭ: ಆರ್‌ಸಿಸಿಬಿ ಆಫ್ ಮಾಡಿ ಆ ಸಾಕೆಟ್‌ನಲ್ಲಿ ಕರೆಂಟ್ ಇದೆಯೇ ನೋಡಿ. ಇದ್ದರೆ ಇದೇ ಕಾರಣ.

ಆಫ್ ಮಾಡಿದಾಗ ಕರೆಂಟ್ ಹೋಯಿತೆಂದರೆ ಎರಡನೆಯದು: ಸಾಕೆಟ್‌ನ ಹಿಂದೆ ನ್ಯೂಟ್ರಲ್ ಟರ್ಮಿನಲ್‌ನಿಂದ ಅರ್ಥ್ ಪಿನ್‌ಗೆ ಒಂದು ತುಂಡು ವೈರ್ ಹಾಕಿ ಲೂಪ್ ಮಾಡಿದ್ದಾರೆ. ಅರ್ಥ್ ತಂತಿ ತಲುಪದ ಕಡೆ ಕೆಲಸ ಮುಗಿಸಲು ಮಾಡುವ ಕಳ್ಳದಾರಿ ಇದು. ಮೂರು ದೀಪದ ಟೆಸ್ಟರ್‌ಗೆ ಅರ್ಥ್ ಪಿನ್‌ನಲ್ಲಿ ಸಿಗುವುದು ನ್ಯೂಟ್ರಲ್ಲೋ ನಿಜವಾದ ಅರ್ಥೋ ಎಂಬ ವ್ಯತ್ಯಾಸ ಗೊತ್ತಾಗದು, ಸರಿ ಎನ್ನುತ್ತದೆ. ಆರ್‌ಸಿಡಿ ಟೆಸ್ಟರ್ ಹರಿಸಿದ 30 ಮಿಲಿಆಂಪಿಯರ್ ಅರ್ಥ್ ಪಿನ್‌ಗೆ ಹೋಗಿ, ಲೂಪ್ ದಾಟಿ, ನ್ಯೂಟ್ರಲ್ ತಂತಿಯಲ್ಲೇ ಕೋರ್ ಮೂಲಕ ವಾಪಸ್ ಬರುತ್ತದೆ. ಲೆಕ್ಕ ಸರಿಹೋಯಿತು. ಆರ್‌ಸಿಸಿಬಿ ಬೀಳಲು ಕಾರಣವೇ ಇಲ್ಲ. ಐದು ಪಟ್ಟು ಹರಿಸಿದರೂ ಅಷ್ಟೆ.

ಹಾಲ್‌ನ ರೀಡಿಂಗ್ ಇದಕ್ಕೆ ಪುಷ್ಟಿ ಕೊಡುತ್ತದೆ. ಅಡುಗೆಮನೆಯ ಅರ್ಥ್ ಪಿನ್ ನಿಜವಾಗಿ ಡಿಬಿಯ ಅರ್ಥ್ ಬಾರ್‌ಗೆ ಸೇರಿದ್ದು, ಜೊತೆಗೆ ಲೂಪ್ ಕೂಡ ಇದ್ದಿದ್ದರೆ, ಹಾಲ್‌ನಲ್ಲಿ ಹರಿಸಿದ ಕರೆಂಟ್‌ನ ಒಂದು ಪಾಲು ಅರ್ಥ್ ಬಾರ್ ಮೂಲಕ ಅಡುಗೆಮನೆಗೆ ಹೋಗಿ ಅಲ್ಲಿಂದ ನ್ಯೂಟ್ರಲ್ ಹಿಡಿದು ವಾಪಸ್ ಬರುತ್ತಿತ್ತು. ಹಾಲ್‌ನಲ್ಲೂ ಟ್ರಿಪ್ ತಡವಾಗುತ್ತಿತ್ತು, ಇಲ್ಲವೇ ಆಗುತ್ತಲೇ ಇರಲಿಲ್ಲ. 28 ಮಿಲಿಸೆಕೆಂಡ್ ಬಂದಿದೆ ಎಂದರೆ ಅಡುಗೆಮನೆಯ ಅರ್ಥ್ ಎಲ್ಲಿಗೂ ಸೇರಿಲ್ಲ.

ಖಚಿತಪಡಿಸಿಕೊಳ್ಳುವುದು ಹೀಗೆ. ಆ ಲೈನಿನ ಎಲ್ಲ ಪ್ಲಗ್ ತೆಗೆಸಿ. ಮೇನ್ ಮತ್ತು ಆರ್‌ಸಿಸಿಬಿ ಎರಡೂ ಆಫ್. ಡಬಲ್ ಪೋಲ್ ಆದ್ದರಿಂದ ಆರ್‌ಸಿಸಿಬಿ ನ್ಯೂಟ್ರಲ್ ಅನ್ನೂ ಕಡಿಯುತ್ತದೆ, ಈ ಪರೀಕ್ಷೆಗೆ ಅದೇ ಬೇಕಾದದ್ದು. ಮೊದಲು ಮಲ್ಟಿಮೀಟರ್ ಅನ್ನು ವೋಲ್ಟ್‌ನಲ್ಲಿಟ್ಟು ಫೇಸ್-ನ್ಯೂಟ್ರಲ್, ಫೇಸ್-ಅರ್ಥ್, ನ್ಯೂಟ್ರಲ್-ಅರ್ಥ್ ಮೂರೂ ಕಡೆ ಸೊನ್ನೆ ಇದೆಯೆಂದು ನೋಡಿಕೊಂಡು, ಆಮೇಲೆ ಓಮ್‌ಗೆ ತಿರುಗಿಸಿ ನ್ಯೂಟ್ರಲ್ ಮತ್ತು ಅರ್ಥ್ ಪಿನ್ ನಡುವೆ ಅಳೆಯಬೇಕು. ಮೆಗಾಓಮ್ ಬರಬೇಕಾದ ಕಡೆ ಒಂದೆರಡು ಓಮ್‌ಗಿಂತ ಕಡಿಮೆ ಬಂದರೆ ಲೂಪ್ ಇದೆ. ಹಾಲ್‌ನ ಸಾಕೆಟ್‌ನಲ್ಲೂ ಅಳೆಯಿರಿ: ಅಲ್ಲಿ ಓಪನ್ ತೋರಿಸಿ, ಅಡುಗೆಮನೆಯಲ್ಲಿ ಮಾತ್ರ ಶಾರ್ಟ್ ತೋರಿಸಿದರೆ ಮೇಲಿನ ತರ್ಕ ಸರಿ. ಸಾಕೆಟ್ ಬಿಚ್ಚಿದರೆ ಆ ತುಂಡು ವೈರ್ ಕಣ್ಣಿಗೇ ಕಾಣುತ್ತದೆ.

ಇದು ಎಷ್ಟು ಅಪಾಯ? ಆ ಸಾಕೆಟ್‌ಗೆ ಹಾಕಿದ ಪ್ರತಿಯೊಂದು ಲೋಹದ ಉಪಕರಣದ ಬಾಡಿ ಈಗ ನ್ಯೂಟ್ರಲ್‌ಗೆ ಸೇರಿಕೊಂಡಿದೆ. ಆ ಸಾಕೆಟ್‌ಗೆ ಬರುವ ನ್ಯೂಟ್ರಲ್ ಎಲ್ಲಾದರೂ ಸಡಿಲವಾಗಿ ಬಿಟ್ಟುಕೊಂಡರೆ, ಆನ್ ಇರುವ ಉಪಕರಣದ ಮೂಲಕವೇ ಫೇಸ್ ಹಿಂದಿರುಗಿ ಬಾಡಿಗೆ ಬರುತ್ತದೆ. ಆಗ ಬಾಡಿಯಲ್ಲಿ 230 ವೋಲ್ಟ್ ಇರುತ್ತದೆ, ಯಾವುದೂ ಟ್ರಿಪ್ ಆಗಿರುವುದಿಲ್ಲ. ಯಾರಾದರೂ ಮುಟ್ಟಿದಾಗ, ಅವರ ಮೈಯ ಮೂಲಕ ಕರೆಂಟ್ ನೆಲ ಸೇರಿದ ಮೇಲಷ್ಟೇ ಆರ್‌ಸಿಸಿಬಿ ಬೀಳಬೇಕು. ನಿಜವಾದ ಅರ್ಥಿಂಗ್ ಇದ್ದರೆ ದೋಷ ಹುಟ್ಟಿದ ಕ್ಷಣವೇ, ಯಾರೂ ಮುಟ್ಟುವ ಮೊದಲೇ ಬೀಳುತ್ತದೆ.

ಸರಿಪಡಿಸುವುದೆಂದರೆ ತುಂಡು ವೈರ್ ತೆಗೆದರೆ ಮುಗಿಯಲಿಲ್ಲ. ಡಿಬಿಯ ಅರ್ಥ್ ಬಾರ್‌ನಿಂದ ಆ ಸಾಕೆಟ್‌ಗೆ ಪ್ರತ್ಯೇಕ ಅರ್ಥ್ ವೈರ್ ಎಳೆಯಬೇಕು. ಫೇಸ್ 2.5 ಚದರ ಮಿಲಿಮೀಟರ್ ತಾಮ್ರವಾದರೆ ಅರ್ಥ್ ಕೂಡ ಅಷ್ಟೇ ಇರಲಿ. ಎಳೆದ ಮೇಲೆ ಅರ್ಥ್ ಬಾರ್‌ನಿಂದ ಪಿನ್‌ವರೆಗೆ ರೆಸಿಸ್ಟೆನ್ಸ್ ನೋಡಿ: 2.5 ಚದರ ಮಿಲಿಮೀಟರ್ ತಾಮ್ರ 20 ಮೀಟರ್‌ಗೆ ಸುಮಾರು 0.15 ಓಮ್. ಮಲ್ಟಿಮೀಟರ್‌ನ ವೈರಿನ ಓಮ್ ಕಳೆದ ಮೇಲೂ ಒಂದೆರಡು ಓಮ್ ಬಂದರೆ ಎಲ್ಲೋ ಜಾಯಿಂಟ್ ಸಡಿಲವಿದೆ. ಈ ಕೆಲಸ ಮುಗಿಯುವವರೆಗೆ ಅಲ್ಲಿ ಮೂರು ಪಿನ್ನಿನ ಉಪಕರಣ ಬಳಸಬೇಡಿ.

ಟೆಸ್ಟರ್‌ನಲ್ಲಿ ಸರಿಯಾಗಿ ನೋಡುವ ಕ್ರಮ

ಅರ್ಥ್ ಕಂಟಿನ್ಯುಯಿಟಿ (ಅರ್ಥ್ ತಂತಿ ಎಲ್ಲೂ ಕಡಿದಿಲ್ಲವೇ ಎಂಬುದು) ಮತ್ತು ಇನ್ಸುಲೇಷನ್ ನೋಡಿದ ಮೇಲೆಯೇ ಟ್ರಿಪ್ ಟೆಸ್ಟ್ ಮಾಡಬೇಕು. ಕಾರಣ ಸರಳ: ಟೆಸ್ಟರ್ ಅರ್ಥ್ ತಂತಿಗೆ ಹರಿಸುವ ಕರೆಂಟ್, ಅರ್ಥಿಂಗ್ ಕೆಟ್ಟಿದ್ದರೆ ಮನೆಯ ಎಲ್ಲ ಲೋಹದ ಬಾಡಿಗಳ ಮೇಲೂ ವೋಲ್ಟೇಜ್ ಏರಿಸುತ್ತದೆ. ಅರ್ಥ್ 500 ಓಮ್ ಇದ್ದರೆ 150 ಮಿಲಿಆಂಪಿಯರ್‌ನ ಟೆಸ್ಟ್‌ಗೆ 75 ವೋಲ್ಟ್. ಒಳ್ಳೆಯ ಟೆಸ್ಟರ್‌ಗಳು 50 ವೋಲ್ಟ್ ದಾಟುತ್ತಿದ್ದಂತೆ ನಿಲ್ಲಿಸುತ್ತವೆ. ಆದರೂ ಟೆಸ್ಟ್ ನಡೆಯುವಾಗ ಯಾರೂ ಫ್ರಿಡ್ಜ್, ಗೀಸರ್, ನಲ್ಲಿ ಮುಟ್ಟದಂತೆ ಹೇಳಿಡಿ. ಸ್ವಂತ ಅರ್ಥ್ ರಾಡ್ ಅನ್ನೇ ನೆಚ್ಚಿದ ಮನೆಗಳಲ್ಲಿ 30 ಮಿಲಿಆಂಪಿಯರ್‌ಗೆ ಲೆಕ್ಕದ ಮಿತಿ 50 ಭಾಗಿಸು 0.03, ಅಂದರೆ 1667 ಓಮ್. ಲೆಕ್ಕಕ್ಕೆ ಸರಿ, ನೆಚ್ಚಲು ಆಗದು: ಬೇಸಿಗೆಯಲ್ಲಿ ಮಣ್ಣು ಒಣಗಿದರೆ ಎಲ್ಲಿಗೋ ಏರುತ್ತದೆ. 200 ಓಮ್‌ಗಿಂತ ಕೆಳಗಿರಲಿ.

ಕಂಪ್ಯೂಟರ್‌ಗಳನ್ನು ಶಟ್‌ಡೌನ್ ಮಾಡಿ, ಎಲ್ಲ ಪ್ಲಗ್ ತೆಗೆಯಿರಿ. ಮೊದಲು ಅರ್ಧ ಪಟ್ಟು, ಅಂದರೆ 15 ಮಿಲಿಆಂಪಿಯರ್: ಬೀಳಬಾರದು. ಬಿದ್ದರೆ ಸಾಧನ ಅತಿಸೂಕ್ಷ್ಮ ಎಂದು ಹೇಳುವ ಮುನ್ನ ಲೈನಿನಲ್ಲಿ ಮೊದಲೇ ಲೀಕೇಜ್ ಇದೆಯೇ ನೋಡಬೇಕು. ಮುಂದೆ ಒಂದು ಪಟ್ಟು: ಸಾಮಾನ್ಯ ಮಾದರಿಯು 300 ಮಿಲಿಸೆಕೆಂಡ್ ಒಳಗೆ ಬೀಳಬೇಕು. ಐದು ಪಟ್ಟು, 150 ಮಿಲಿಆಂಪಿಯರ್: 40 ಮಿಲಿಸೆಕೆಂಡ್ ಒಳಗೆ. ಆರ್‌ಸಿಸಿಬಿಗಳ ಅಂತರರಾಷ್ಟ್ರೀಯ ಮಾನದಂಡ ಐಇಸಿ 61008 ಕೊಡುವ ಮಿತಿಗಳಿವು. ಪ್ರತಿ ಟೆಸ್ಟ್ ಅನ್ನೂ 0 ಡಿಗ್ರಿ ಮತ್ತು 180 ಡಿಗ್ರಿ ಎರಡರಲ್ಲೂ ಮಾಡಿ, ಹೆಚ್ಚು ಬಂದದ್ದನ್ನು ಬರೆದುಕೊಳ್ಳಬೇಕು. ಕರೆಂಟ್‌ನ ಅಲೆ ಯಾವ ಅರ್ಧದಲ್ಲಿ ಶುರುವಾಗುತ್ತದೆ ಎಂಬುದರ ಮೇಲೆ ಸಮಯ ಬದಲಾಗುತ್ತದೆ. 50 ಹರ್ಟ್ಜ್‌ನಲ್ಲಿ ಅರ್ಧ ಅಲೆಯೇ 10 ಮಿಲಿಸೆಕೆಂಡ್. ನಿಮ್ಮ 28 ಮತ್ತು 19 ಎರಡೂ ಮಿತಿಯೊಳಗೆ ಆರಾಮಾಗಿವೆ. ಸಾಧನದ ಮೇಲೆ ‘ಎಸ್’ ಗುರುತಿದ್ದರೆ ಅದು ಬೇಕೆಂದೇ ತಡವಾಗಿ ಬೀಳುವ ಮಾದರಿ, ಒಂದು ಪಟ್ಟಿಗೆ 130ರಿಂದ 500 ಮಿಲಿಸೆಕೆಂಡ್ ಹಿಡಿಯುತ್ತದೆ. ಅದನ್ನು ಈ ಮಿತಿಗಳಿಂದ ಅಳೆಯಬೇಡಿ.

ರ‍್ಯಾಂಪ್ ಟೆಸ್ಟ್ ಇದ್ದರೆ ಬಿಡಬೇಡಿ. ಕರೆಂಟ್ ಮೆಲ್ಲಗೆ ಏರಿಸುತ್ತಾ ಎಷ್ಟಕ್ಕೆ ಬಿತ್ತು ಎಂದು ಅದು ಹೇಳುತ್ತದೆ. 30 ಮಿಲಿಆಂಪಿಯರ್‌ನ ಆರೋಗ್ಯವಂತ ಸಾಧನ ಹೆಚ್ಚಾಗಿ 20ರಿಂದ 27ರ ನಡುವೆ ಬೀಳುತ್ತದೆ. ಬಟನ್ ಒತ್ತುವುದು ಇವೆಲ್ಲ ಆದ ಮೇಲೆ, ಕೊನೆಗೆ. ಮೊದಲೇ ಒತ್ತಿದರೆ ಅಂಟಿಕೊಂಡ ಯಂತ್ರಭಾಗ ಸಡಿಲಗೊಂಡು, ಟೆಸ್ಟರ್‌ನಲ್ಲಿ ಚೆಂದದ ಸಮಯ ಬರುತ್ತದೆ. ಸಾಮಾನ್ಯ ದಿನದಲ್ಲಿ ಅದು ಎಷ್ಟು ನಿಧಾನವಿತ್ತು ಎಂಬುದು ಮುಚ್ಚಿಹೋಗುತ್ತದೆ.

ಫೇಸ್ ಮತ್ತು ಅರ್ಥ್ ನಡುವೆ ಬಲ್ಬ್ ಹಚ್ಚಿ ನೋಡುವುದನ್ನು ಮಾತ್ರ ಮಾಡಬೇಡಿ, ಮಾಡಲೂ ಬಿಡಬೇಡಿ. 60 ವ್ಯಾಟ್ ಬಲ್ಬ್ 260 ಮಿಲಿಆಂಪಿಯರ್ ಹರಿಸುತ್ತದೆ. 30ಕ್ಕೆ ಬೀಳಬೇಕಾದದ್ದು 200ಕ್ಕೆ ಬೀಳುತ್ತಿದ್ದರೂ ಪಾಸ್ ಆಗುತ್ತದೆ. ಅರ್ಥ್ ಕೆಟ್ಟಿದ್ದರಂತೂ ಬಲ್ಬ್ ಹಚ್ಚಿದಷ್ಟು ಹೊತ್ತೂ ಮನೆಯ ಬಾಡಿಗಳೆಲ್ಲ ಲೈವ್.

ಮಳೆಯಲ್ಲಿ ಬೀಳುವುದು

ಇದು ಬೇರೆಯದೇ ದೋಷ, ಅಡುಗೆಮನೆಗೂ ಇದಕ್ಕೂ ಸಂಬಂಧವಿಲ್ಲ. ಲೀಕೇಜ್ ಒಟ್ಟುಗೂಡುತ್ತದೆ. ಎಲೆಕ್ಟ್ರಾನಿಕ್ ಉಪಕರಣಗಳ ಫಿಲ್ಟರ್‌ನಲ್ಲಿ ಫೇಸ್‌ನಿಂದ ಅರ್ಥ್‌ಗೆ ಸಣ್ಣ ಕೆಪಾಸಿಟರ್ ಇರುತ್ತದೆ, 4.7 ನ್ಯಾನೋಫ್ಯಾರಡ್‌ನ ಒಂದೇ ಕೆಪಾಸಿಟರ್ 230 ವೋಲ್ಟ್‌ನಲ್ಲಿ ಸುಮಾರು 0.34 ಮಿಲಿಆಂಪಿಯರ್ ಹರಿಸುತ್ತದೆ. ಹತ್ತಾರು ಸೇರಿದರೆ ಆರೇಳು ಮಿಲಿಆಂಪಿಯರ್ ಸದಾ ಹರಿಯುತ್ತಿರುತ್ತದೆ. ಅದರ ಮೇಲೆ ಹೊರಗಿನ ಗೇಟ್ ಲೈಟಿನ ಹೋಲ್ಡರ್‌ಗೆ ನೀರು ಇಳಿದು ಇನ್ಸುಲೇಷನ್ 12 ಕಿಲೋಓಮ್‌ಗೆ ಕುಸಿದರೆ ಇನ್ನೊಂದು 19. ಅಲ್ಲಿಗೆ ಟ್ರಿಪ್ ಆಗಬಹುದು. ಮಾಮೂಲಿ ದಿನದ ಲೀಕೇಜ್ 30 ಮಿಲಿಆಂಪಿಯರ್‌ನ ಶೇ 30, ಅಂದರೆ 9ನ್ನು ದಾಟದಂತೆ ಲೈನ್‌ಗಳನ್ನು ಹಂಚುವುದು ಒಳ್ಳೆಯದು. ಅಳೆಯಲು ಲೀಕೇಜ್ ಕ್ಲಾಂಪ್ ಮೀಟರ್ ಬೇಕು: ಫೇಸ್, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಕ್ಲಾಂಪಿನೊಳಗೆ ಹಾಕಿದರೆ ವ್ಯತ್ಯಾಸ ಮಾತ್ರ ಕಾಣುತ್ತದೆ. ಮಾಮೂಲಿ ಕ್ಲಾಂಪ್ ಮೀಟರ್‌ಗೆ ಇಷ್ಟು ಸಣ್ಣದು ಸಿಗುವುದಿಲ್ಲ.

ಹುಡುಕುವಾಗ ಹೆಚ್ಚಿನವರು ಎಡವುವ ಜಾಗ ಇಲ್ಲಿದೆ. ಎಂಸಿಬಿಗಳನ್ನು ಒಂದೊಂದಾಗಿ ಆಫ್ ಮಾಡಿ ಯಾವುದರಲ್ಲಿ ನಿಂತಿತು ಎಂದು ನೋಡುತ್ತಾರೆ. ಸಿಂಗಲ್ ಪೋಲ್ ಎಂಸಿಬಿ ಕಡಿಯುವುದು ಫೇಸ್ ಮಾತ್ರ. ಒದ್ದೆಯಾದ ಕಡೆ ನ್ಯೂಟ್ರಲ್ ಅರ್ಥ್‌ಗೆ ತಾಗಿದ್ದರೆ ಆ ಲೈನಿನ ಎಂಸಿಬಿ ಆಫ್ ಇದ್ದರೂ ದೋಷ ಹಾಗೇ ಉಳಿಯುತ್ತದೆ. ನ್ಯೂಟ್ರಲ್‌ನಲ್ಲಿ ವೋಲ್ಟೇಜ್ ಕಡಿಮೆ ಇರುವುದರಿಂದ ಸುಮ್ಮನಿರುವಾಗ ಏನೂ ಆಗುವುದಿಲ್ಲ. ಗೀಸರ್ ಹಾಕಿದೊಡನೆ ನ್ಯೂಟ್ರಲ್‌ನಲ್ಲಿ 3 ವೋಲ್ಟ್ ಎದ್ದಿತು, ದೋಷದ ಜಾಗ 100 ಓಮ್ ಎಂದುಕೊಳ್ಳಿ: 30 ಮಿಲಿಆಂಪಿಯರ್ ಪಕ್ಕದಾರಿ ಹಿಡಿಯಿತು. ಪಾಪ ಗೀಸರ್ ಬದಲಾಗುತ್ತದೆ, ದೋಷ ಗೇಟ್ ಲೈಟಿನಲ್ಲೇ ಇರುತ್ತದೆ. ಆದ್ದರಿಂದ ಮೇನ್ ಆಫ್ ಮಾಡಿ, ನ್ಯೂಟ್ರಲ್ ಬಾರ್‌ನಿಂದ ಪ್ರತಿ ಲೈನಿನ ನ್ಯೂಟ್ರಲ್ ಬಿಚ್ಚಿ, ಒಂದೊಂದನ್ನೂ ಅರ್ಥ್‌ಗೆ ಮೆಗ್ಗರ್‌ನಲ್ಲಿ (ಇನ್ಸುಲೇಷನ್ ಅಳೆಯುವ ಮೀಟರ್) 500 ವೋಲ್ಟ್ ಡಿಸಿ ಕೊಟ್ಟು ನೋಡಬೇಕು. 1 ಮೆಗಾಓಮ್‌ಗಿಂತ ಕೆಳಗಿಳಿದದ್ದು ಕಳ್ಳ. ಎಲೆಕ್ಟ್ರಾನಿಕ್ ಉಪಕರಣಗಳನ್ನು ಮೊದಲೇ ಬಿಡಿಸಿಡಿ, ಆರ್‌ಸಿಸಿಬಿಯ ಮೂಲಕ ಮೆಗ್ಗರ್ ಹಾಕಬೇಡಿ. ಮಳೆ ನಿಂತ ದಿನವೇ ಮಾಡಿ. ವಾರ ಬಿಟ್ಟರೆ ಒಣಗಿ ಎಲ್ಲವೂ ಸರಿ ಎಂದೇ ತೋರುತ್ತದೆ.

ಯಾವಾಗ ಬದಲಿಸಬೇಕು

ಲೋಡ್ ಬದಿಯ ತಂತಿಗಳನ್ನು ಬಿಚ್ಚಿ, ಸಾಧನದ ಔಟ್‌ಪುಟ್ ಫೇಸ್ ಮತ್ತು ಅರ್ಥ್ ಬಾರ್ ನಡುವೆ ಟೆಸ್ಟ್ ಮಾಡಿದಾಗಲೂ ಮಿತಿ ದಾಟಿದರೆ, ಅಥವಾ 15ಕ್ಕೇ ಬಿದ್ದರೆ, ಸಾಧನದ್ದೇ ತಪ್ಪು. ಟೆಸ್ಟರ್‌ಗೆ ಬಿದ್ದು ಬಟನ್‌ಗೆ ಬೀಳದಿದ್ದರೂ ಬದಲಿಸಿ, ಮುಂದೆ ಮನೆಯವರು ಪರೀಕ್ಷಿಸುವ ದಾರಿಯೇ ಇರುವುದಿಲ್ಲ. ಟರ್ಮಿನಲ್ ಕಂದಿದ್ದರೆ, ಲಿವರ್ ನಿಲ್ಲದಿದ್ದರೆ ಯೋಚಿಸುವ ಅಗತ್ಯವೇ ಇಲ್ಲ.

ಇನ್ನೊಂದು ಕಾರಣ ಟೆಸ್ಟ್‌ನಲ್ಲಿ ಕಾಣುವುದಿಲ್ಲ. ಮುಂಭಾಗದ ಚಿಹ್ನೆ ನೋಡಿ. ಚೌಕದಲ್ಲಿ ಬರೀ ಒಂದು ಅಲೆ ಇದ್ದರೆ ಟೈಪ್ ಎಸಿ. ಅಲೆಯ ಕೆಳಗೆ ಅರ್ಧ ಅಲೆಗಳೂ ಇದ್ದರೆ ಟೈಪ್ ಎ. ಇನ್ವರ್ಟರ್ ಮೋಟರಿನ ವಾಷಿಂಗ್ ಮೆಷಿನ್, ಏರ್ ಕಂಡಿಷನರ್, ವಾಹನ ಚಾರ್ಜರ್‌ಗಳಲ್ಲಿ ದೋಷವಾದಾಗ ಸೋರುವುದು ಶುದ್ಧ ಎಸಿ ಅಲ್ಲ, ಡಿಸಿ ಬೆರೆತಿರುತ್ತದೆ. ಆ ಡಿಸಿ ಕರೆಂಟ್, ಕೋರ್ ಅನ್ನು ಮೊದಲೇ ತುಂಬಿಬಿಟ್ಟರೆ ಟೈಪ್ ಎಸಿ ಕುರುಡಾಗುತ್ತದೆ, ನಿಜವಾದ ಎಸಿ ಲೀಕೇಜ್‌ಗೂ ಬೀಳದಿರಬಹುದು. ಟೆಸ್ಟರ್‌ನ ಎಸಿ ಸೆಟ್ಟಿಂಗ್‌ನಲ್ಲಿ ಅದು ಪಾಸ್ ಆಗುತ್ತಲೇ ಇರುತ್ತದೆ. ಟೈಪ್ ಎ ಅರ್ಧ ಅಲೆಯ ಡಿಸಿಯನ್ನು ಗುರುತಿಸುತ್ತದೆ, ಜೊತೆಗೆ 6 ಮಿಲಿಆಂಪಿಯರ್‌ವರೆಗಿನ ನಯವಾದ ಡಿಸಿಯನ್ನು ತಡೆದುಕೊಳ್ಳುತ್ತದೆ. ಅದಕ್ಕಿಂತ ಹೆಚ್ಚು ಬರುವ ಕಡೆ ಟೈಪ್ ಬಿ ಬೇಕು. ನಿಮ್ಮದು ಟೈಪ್ ಎಸಿ ಆಗಿದ್ದು ಅಂಥ ಉಪಕರಣಗಳಿದ್ದರೆ, ಅರ್ಥ್ ಕೆಲಸ ಮುಗಿದ ಮೇಲೆ ಟೈಪ್ ಎಗೆ ಬದಲಿಸಿ. ಎರಡು ಆರ್‌ಸಿಸಿಬಿ ಹಾಕಿ ಲೈನ್‌ಗಳನ್ನು ಹಂಚುವುದಾದರೆ ನ್ಯೂಟ್ರಲ್ ಬಾರ್ ಕೂಡ ಎರಡಿರಲಿ. ಒಂದರ ಫೇಸ್, ಇನ್ನೊಂದರ ನ್ಯೂಟ್ರಲ್ ಬಳಸಿದ ಒಂದೇ ಒಂದು ಲೈಟ್ ಪಾಯಿಂಟ್ ಇದ್ದರೂ, ಸ್ವಿಚ್ ಹಾಕಿದ ಕೂಡಲೇ ಒಂದೋ ಎರಡೋ ಬೀಳುತ್ತವೆ.